ಕೋಮಾದಲ್ಲಿ ಏಕಾದಶಿ

ಅವನ ಮುಷ್ಟಿಯಲ್ಲಿ ನನ್ನ ಕಾಲರ್. ನನ್ನ ಬೆನ್ನಿಗೆ ಲಿಫ್ಟಿನ ಕಂಬಿ.

"ಐಸಿಯು ಪಕ್ಕ ವಂದೇ... ಕಾಲ್ ಉಡೈಚ್ಚುಡುವೇನ್!"

ಐಸಿಯು ಹತ್ತಿರ ಬಂದರೆ ಕಾಲು ಮುರಿಯುತ್ತಾನಂತೆ. ಆಸ್ಪತ್ರೆಯ ಸೆಕ್ಯೂರಿಟಿ! ಗಿರಾಕಿಗಳನ್ನು ತಾನೇ ತಯಾರು ಮಾಡುತ್ತಾನೆ.

"ಕ್ಯಾಶ್‌ಲೆಸ್ ಉಂಟಾ?" ಎಂದೆ.

ಅವನು ಕಣ್ಣು ಕಣ್ಣು ಬಿಟ್ಟ. ಅಷ್ಟು ಸಾಕಾಯಿತು. ಅವನ ಹೊಟ್ಟೆಗೆ ನನ್ನ ಮೊಣಕಾಲು! ಓಡಿದೆ...

ನಾನು ಯಾರು ಅಂದಿರಾ? ಟಿಪಿಎ ಇನ್ವೆಸ್ಟಿಗೇಟರ್. 2003ರ ಚೆನ್ನೈಗೆ ಟಿಪಿಎ ಇನ್ನೂ ಹೊಸದು. ಇನ್ಶೂರೆನ್ಸ್ ಕಂಪನಿಗೂ ಆಸ್ಪತ್ರೆಗೂ ನಡುವೆ ಕೂತು, ರೋಗಿಯ ಮುಖವನ್ನೇ ನೋಡದೆ ಅವನ ಕ್ಲೈಮ್ ಪಾಸು ಮಾಡುವ, ಇಲ್ಲವೇ ಕೈಬಿಡುವ ಪುಣ್ಯಾತ್ಮರು ನಾವು.

ಕೀಲ್ಪಾಕ್‌ನ ಈ ನರ್ಸಿಂಗ್ ಹೋಮ್‌ನಿಂದ ಫ್ಯಾಕ್ಸ್ ಬಂದಿತ್ತು. ರೋಗಿ ವಿಷ್ಣುತೀರ್ಥ. ಹಾರ್ಟ್ ಅಟ್ಯಾಕ್, ಕೋಮಾ. ಆಪರೇಷನ್ನಿಗೆ ತುರ್ತು ಒಪ್ಪಿಗೆ ಬೇಕು. ನಿನ್ನೆ ಗಾಜಿನಾಚೆಯಿಂದ ನೋಡಿದ್ದೆ. ಹಣೆಯಲ್ಲಿ ಅಂಗಾರದ ಕರಿ ಗೆರೆ, ಅದರ ಕೆಳಗೆ ಅಕ್ಷತೆಯ ಬೊಟ್ಟು. ಯಾರೋ ಮನೆಯವರು ಹಚ್ಚಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಇವತ್ತು ಹತ್ತಿರದಿಂದ ನೋಡೋಣ ಎಂದು ಬಂದರೆ ಈ ಸ್ವಾಗತ!

ಐಸಿಯುಗೆ ನುಗ್ಗಿ ಚಿಲಕ ಹಾಕಿದೆ. ಬಾಗಿಲಿಗೆ ಗುದ್ದು ಬೀಳತೊಡಗಿತು.

"ಕದವೈ ತೆರಡಾ!"

ಹಾಸಿಗೆ ನೋಡಿದೆ. ಇವತ್ತು ಗೆರೆ ಮಾತ್ರ. ಬೊಟ್ಟಿಲ್ಲ!

ನಮ್ಮ ಮಾಧ್ವರಲ್ಲಿ ಏಕಾದಶಿ ದಿನ ಅಂಗಾರ ಮಾತ್ರ, ಅಕ್ಷತೆ ಇಡುವುದಿಲ್ಲ. ಇವತ್ತು ಏಕಾದಶಿ. ಕೋಮಾದಲ್ಲಿದ್ದವರಿಗೆ ತಿಥಿ ಗೊತ್ತು! ಒಳಗೆ ಬರುವುದು ಸಿಸ್ಟರ್ ಬೇಬಿ ಒಬ್ಬಳೇ. ಕೊಟ್ಟಾಯಂನ ಆ ಹುಡುಗಿ ಪಂಚಾಂಗ ನೋಡುವವಳಲ್ಲ.

"ಎದ್ದೇಳಿ ಆಚಾರ್ರೇ. ಇವತ್ತು ನಿರ್ಜಲವೋ, ಫಲಾಹಾರವೋ?"

ಒಂದು ಕಣ್ಣು ತೆರೆಯಿತು.

"ನಿರ್ಜಲ..." ಮಾಸ್ಕಿನೊಳಗಿಂದ ತಮಿಳು ಬೆರೆತ ಕನ್ನಡ ಬಂತು. "ನೀವು ಟಿಪಿಎ ದಾನೇ?"

"ಹೌದು. ಏನಿದು ನಾಟಕ?"

"ಆಪರೇಷನ್ ನನಗಲ್ಲಪ್ಪಾ, ನನ್ನ ಹೆಂಡ್ತಿ ಭೀಮಾಬಾಯಿಗೆ. ಕೆಳಗೆ ವಾರ್ಡಲ್ಲಿ ಉಸಿರಿಗೆ ಒದ್ದಾಡ್ತಾ ಇದಾಳೆ. ವಾಲ್ವ್ ಹೋಗಿದೆ. ಹಳೇ ಕಾಯಿಲೆ ಅಂತ ನಿಮ್ಮವರು ರಿಜೆಕ್ಟ್ ಮಾಡಿಬಿಟ್ರು. ಅದಕ್ಕೇ ನನ್ನ ಪಾಲಿಸಿ ಮೇಲೆ... ಇವತ್ತು ಆಗ್ಲಿಲ್ಲಾಂದ್ರೆ ಅವಳು ಉಳಿಯಲ್ಲ. ಅಷ್ಟು ದಾ."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ.

ಚಿಲಕ ಕಿತ್ತು ಬಂತು! ಮೊದಲು ಸೆಕ್ಯೂರಿಟಿ, ಹಿಂದೆ ಬೇಬಿ, ಕೊನೆಗೆ ಮ್ಯಾನೇಜರ್ ಸಮೀರ್. ಟೈ ಕಟ್ಟಿದ್ದ.

"ರಿಪೋರ್ಟಲ್ಲಿ ಏನು ಬರೀತೀರಾ ಸಾರ್?" ನಗುತ್ತಲೇ ಕೇಳಿದ. "ಯೋಚನೆ ಮಾಡಿ ಹೇಳಿ. ನಮ್ಮಲ್ಲಿ ಮೆಟ್ಟಿಲು ಸ್ವಲ್ಪ ಜಾರುತ್ತೆ."

ಹಾಸಿಗೆಯ ಕಡೆ ತಿರುಗಿದೆ. "ಆಚಾರ್ರೇ, ಮೊದಲು ಹಣೆ ಒರೆಸ್ಕೊಳ್ಳಿ. ಫೈಲಿಗೆ ಫೋಟೋ ತೆಗೀಬೇಕು."

"ಅದೊಂದು ಮಾತ್ರ ಆಗಲ್ಲಪ್ಪಾ! ಏಕಾದಶಿ!"

ಇನ್ಶೂರೆನ್ಸ್ ಕಂಪನಿಗೆ ಟೋಪಿ ಹಾಕಬಹುದು. ಮಠಕ್ಕೆ ಹಾಕಬಾರದು!

"ಬೇಬಿ, ಇವರ ತಲೆಗೆ ಬ್ಯಾಂಡೇಜ್ ಸುತ್ತು."

"ಹಾರ್ಟ್ ಪೇಷಂಟಿಗೆ ತಲೆಗಾ ಸಾರ್?"

"ಸುತ್ತಮ್ಮಾ! ನಮ್ಮ ಆಫೀಸಲ್ಲಿ ಯಾರೂ ಅಷ್ಟು ಯೋಚನೆ ಮಾಡಲ್ಲ."

ಫೋನ್ ಎತ್ತಿ ಆಫೀಸಿಗೆ ಹೇಳಿದೆ. "ಕೇಸ್ ಜೆನ್ಯೂನ್. ತಲೆಗೂ ಏಟಾಗಿದೆ."

ಯಾರೂ ಏನೂ ಕೇಳಲಿಲ್ಲ. ಒಪ್ಪಿಗೆಯ ಫ್ಯಾಕ್ಸ್ ಬಂತು. ಭೀಮಾಬಾಯಿಯ ಸ್ಟ್ರೆಚರ್ ಥಿಯೇಟರಿನೊಳಗೆ ಹೋಯಿತು.

ಹೃದಯ ಕೆಟ್ಟವಳಿಗೆ ರಿಜೆಕ್ಟ್. ಗುಂಡುಕಲ್ಲಿನಂಥ ಗಂಡನಿಗೆ ಅಪ್ರೂವ್! ನಾವು ರೂಲ್ಸ್ ಮುರಿದಿಲ್ಲ ಸಾರ್... ಹಳೇ ಕಾಯಿಲೆ ಇರಬಾರದು ಅಂತ ತಾನೇ ಇರುವುದು? ಅವರಿಗೆ ಹೊಸ ಕಾಯಿಲೆಯೂ ಇರಲಿಲ್ಲ!