ಮಸಿಪಟ್ಟಿ ಟಿಟ್ಟಿಭದ ಮೊಟ್ಟೆಗಳು

“ಮೊಟ್ಟೆ ಇಲ್ಲ! ಗೂಡು ಖಾಲಿ!”

ಒಣಗಿದ ಕೆರೆಯಂಗಳದ ನಡುವಿನಿಂದ ಮೇಷ್ಟ್ರ ಕೂಗು ಬಂದಾಗ ಅಳಿಯ ಬಾಯಿ ತೆರೆದುಕೊಂಡು ನಿಂತಿದ್ದ. ಆ ಕೂಗಿಗಲ್ಲ— ಅದಕ್ಕೂ ಮೊದಲೇ ತೆರೆದ ಬಾಯಿ ಅದು. ಊರಲ್ಲಿ ದಿನವಿಡೀ ಬೇರೆಯವರ ಬಾಯಿ ತೆರೆಸುವ ದಂತವೈದ್ಯ, ಇಲ್ಲಿ ಹಕ್ಕಿಯೊಂದರ ಆಟ ನೋಡುತ್ತ ತನ್ನ ಬಾಯಿ ಮುಚ್ಚುವುದನ್ನೇ ಮರೆತಿದ್ದ.

ಆಟವಾದರೂ ಎಂಥದ್ದು! ಉಳಿದವರನ್ನು ದೂರ ನಿಲ್ಲಿಸಿ ಮೇಷ್ಟ್ರು ಒಬ್ಬರೇ ಗೂಡಿನತ್ತ ನಡೆಯುತ್ತಿದ್ದಂತೆ, ಹಕ್ಕಿ ಪುರ್ರೆಂದು ಅವರ ಮುಂದೆ ಇಳಿದು, ಮುರಿದ ರೆಕ್ಕೆಯನ್ನು ಎಳೆದುಕೊಂಡು ಹೋಗುವಂತೆ ಕುಂಟಿತು. ಬಿತ್ತು. ಎದ್ದಿತು. ‘ಬಾ, ಹಿಡಿ, ಇನ್ನೇನು ಕೈಗೆ ಸಿಕ್ಕೆ’ ಎನ್ನುವ ಹಾಗೆ ಆಚೆಗೆ, ಇನ್ನೂ ಆಚೆಗೆ ತೆವಳಿತು. ರೆಕ್ಕೆಗೆ ಏನೂ ಆಗಿರಲಿಲ್ಲ. ಹತ್ತಿರ ಬಂದವರನ್ನು ದೂರ ಸೆಳೆಯಲು ಅದು ಹೂಡುವ ಉಪಾಯ ಎಂದು ನಿನ್ನೆ ಸಂಜೆ ಮೇಷ್ಟ್ರೇ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಅಳಿಯ ಮರುಗಿದ್ದ. ಬೆರಳುದ್ದದ ಕಾಲಿನ ಪ್ರಾಣಿ— ಆಳೆತ್ತರದ ಮನುಷ್ಯನ ಎದುರು ಎಂಥ ಧೈರ್ಯ!

ಅಷ್ಟರಲ್ಲಿ ಮೇಷ್ಟ್ರು ಬಗ್ಗಿದರು. ಒಂದು ಗಳಿಗೆ ಹಾಗೇ ಇದ್ದರು. ಆಮೇಲೆ ಕೂಗು.

ಎಲ್ಲರೂ ಓಡಿದರು. ನೆತ್ತಿಯ ಮೇಲೆ ಹಕ್ಕಿ ಸುತ್ತು ಹಾಕುತ್ತ ಕಿರುಚುತ್ತಿತ್ತು. ಬೆಣಚುಕಲ್ಲುಗಳ ನಡುವೆ ಅಂಗೈಯಗಲದ ತಗ್ಗು. ನಿನ್ನೆ ಅಲ್ಲಿ ಕಲ್ಲಿನದೇ ಬಣ್ಣದ, ಕಂದು ಚುಕ್ಕೆಯ ಮೂರು ಮೊಟ್ಟೆಗಳಿದ್ದವು. ಈಗ ಬರೀ ಕಲ್ಲು.

ಈ ಹಕ್ಕಿಗಾಗಿ ಅವರು ಧೂಳು ಕುಡಿಯುತ್ತ ಎಷ್ಟು ದಾರಿ ಸವೆಸಿದ್ದರು! ಮಸಿಪಟ್ಟಿ ಟಿಟ್ಟಿಭ. ಬೂದು ಮೈ, ಎದೆಗೆ ಅಡ್ಡಲಾಗಿ ಮಸಿಯಲ್ಲಿ ಎಳೆದಂಥ ಪಟ್ಟಿ. ಈ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲ. ಇಲ್ಲೂ ಅದರ ಗೂಡನ್ನು ಕಂಡವರು ಇತ್ತೀಚೆಗೆ ಯಾರೂ ಇರಲಿಲ್ಲ. ವ್ಯಾನಿನಲ್ಲಿದ್ದವರು ಐದು ಜನ. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು— ಪ್ರವಾಸದ ಮುಂದಾಳು, ಕೊರಳಲ್ಲಿ ಬೈನಾಕ್ಯುಲರ್, ಸೊಂಟದಲ್ಲಿ ಅದರ ಚರ್ಮದ ಚೀಲ. ತೋಳುದ್ದದ ಕ್ಯಾಮೆರಾ ಲೆನ್ಸ್ ಹೊತ್ತ ಬಟ್ಟೆ ಅಂಗಡಿಯ ಯಜಮಾನ, ಆ ಲೆನ್ಸಿನಿಂದಾಗಿಯೇ ಎಲ್ಲರ ಬಾಯಲ್ಲಿ ‘ಫಿರಂಗಿ’. ವ್ಯಾನಿನ ಡ್ರೈವರ್. ಹಕ್ಕಿಯ ಹುಚ್ಚು ಹತ್ತಿಸಿಕೊಂಡ ಅತ್ತೆ. ಮತ್ತೆ, ‘ಅಮ್ಮನ ಜೊತೆ ನೀವೇ ಹೋಗಿಬನ್ನಿ, ನನಗೆ ರಜೆ ಇಲ್ಲ’ ಎಂದು ಹೆಂಡತಿ ಗಂಟುಹಾಕಿ ಕಳಿಸಿದ್ದ ಅಳಿಯ.

ಅತ್ತೆ ಖಾಲಿ ಗೂಡನ್ನು ಒಮ್ಮೆ ನೋಡಿದರು. ಆಮೇಲೆ ತಲೆ ಎತ್ತಿ ಹಕ್ಕಿಯನ್ನೇ ನೋಡುತ್ತ ನಿಂತರು. ಬಹಳ ಹೊತ್ತು.

“ನರಿ ತಿಂದಿರಬಹುದಾ?” ಅಳಿಯ ಕೇಳಿದ.

“ನರಿ ತಿಂದಿದ್ರೆ ಚಿಪ್ಪು ಚೆಲ್ಲಾಡಿರ್ತಿತ್ತು,” ಎಂದರು ಮೇಷ್ಟ್ರು. “ಇದು ಮನುಷ್ಯರ ಕೆಲಸ. ನಿನ್ನೆ ಸಂಜೆಯಿಂದ ಈಚೆಗೆ ಯಾರೋ ಬಂದು ಹೋಗಿದ್ದಾರೆ. ಗೂಡಿನ ಜಾಗ ಗೊತ್ತಿದ್ದದ್ದು ನಮಗಷ್ಟೇ.”

ಮಾತು ಎಲ್ಲರ ಮೈಮೇಲೂ ತಣ್ಣೀರು ಎರಚಿದಂತಾಯಿತು.

ದಡದ ಮರದಡಿ ವ್ಯಾನಿನ ಹತ್ತಿರ ವಾಪಸಾದರು. ಮೇಷ್ಟ್ರೇ ಮುಂದೆ ನಿಂತು ಎಲ್ಲರ ಚೀಲ ತಡಕಿಸಿದರು. ಫಿರಂಗಿಯ ಪೆಟ್ಟಿಗೆಯ ತುಂಬ ಲೆನ್ಸುಗಳು. ಅಳಿಯನ ಚೀಲದಲ್ಲಿ ಹಲ್ಲುಜ್ಜುವ ಬ್ರಷ್ಷುಗಳ ಒಂದು ಕಟ್ಟು— ಅಭ್ಯಾಸಬಲ. ಡ್ರೈವರನ ಸೀಟಿನ ಕೆಳಗೆ ಬಟ್ಟೆ, ಪಾನಾ, ಜ್ಯಾಕ್. ಮೊಟ್ಟೆ ಎಲ್ಲೂ ಇಲ್ಲ.

“ಬಚ್ಚಿಡೋಕೆ ಬೇಕಾದಷ್ಟು ಸಮಯ ಸಿಕ್ಕಿದೆ,” ಮೇಷ್ಟ್ರು ಡ್ರೈವರನ ಕಡೆ ತಿರುಗಿದರು. “ನಸುಕಲ್ಲೇ ವ್ಯಾನ್ ತಗೊಂಡು ಎಲ್ಲಿಗಯ್ಯಾ ಹೋಗಿದ್ದೆ?”

“ಟಯರ್ ಪಂಕ್ಚರ್ ಆಗಿತ್ತು ಸಾರ್. ಹಾಕಿಸಿಕೊಂಡು ಬಂದೆ.”

“ದಾರಿ ಈ ಕೆರೆ ಪಕ್ಕದಲ್ಲೇ ಅಲ್ವಾ?”

“ಹೌದು. ಆದ್ರೆ ನಿಲ್ಲಿಸಲಿಲ್ಲ ಸಾರ್. ಆಣೆ ಮಾಡಿ ಹೇಳ್ತೀನಿ—”

“ಇಂಥ ಮೊಟ್ಟೆ ಕದ್ದುಮುಚ್ಚಿ ಕೊಳ್ಳೋರಿದ್ದಾರೆ. ಯಾರಾದ್ರೂ ಆಸೆ ತೋರಿಸಿದ್ರೇನು?”

ಡ್ರೈವರನ ಮುಖ ಬೆಳ್ಳಗಾಯಿತು. ದಾರಿಯುದ್ದಕ್ಕೂ ಹಕ್ಕಿ ಕಂಡಲ್ಲೆಲ್ಲ ಬ್ರೇಕು ಮುಟ್ಟಿದ್ದೇ ಗೊತ್ತಾಗದಂತೆ ವ್ಯಾನ್ ನಿಲ್ಲಿಸಿದವನು ಅವನು. ಅಳಿಯನಿಗೆ ಇದು ನಂಬುವ ಮಾತು ಅನ್ನಿಸಲಿಲ್ಲ. ಅತ್ತೆಯ ಕಡೆ ನೋಡಿದ.

ಅತ್ತೆ ಮಡಚುವ ಕುರ್ಚಿ ಬಿಡಿಸಿಕೊಂಡು ಕೂತರು. ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುತ್ತಲೇ ತಲೆ ನರೆಸಿದ ಹೆಂಗಸು. ತಮ್ಮ ಗೋದಾಮಿಗೆ ತಾವೇ ಕಡ್ಡಿ ಗೀರಿ ಗೊಳೋ ಎಂದು ಅಳುತ್ತಿದ್ದವರನ್ನು ಕಂಡು ಕಂಡು ಅವರ ಕಣ್ಣು ಹರಿತವಾಗಿತ್ತು. ಮದುವೆಯಾದ ಹೊಸತರಲ್ಲಿ ಆ ಕಣ್ಣಿಗೆ ಅಳಿಯ ಹೆದರುತ್ತಿದ್ದ. ಈಗ ಅದೇ ಕಣ್ಣು ಒಮ್ಮೆ ಕೆಲಸ ಮಾಡಲಿ ಎಂದು ಹಾರೈಸಿದ.

“ಮೇಷ್ಟ್ರೇ, ನಾನೂ ಒಂದೆರಡು ಮಾತು ಕೇಳಲಾ?” ಎಂದರು ಅತ್ತೆ. “ಬಿಸಿಲೇರ್ತಿದೆ. ಮೊಟ್ಟೆ ಎಲ್ಲೇ ಇರಲಿ, ಜೀವ ಇನ್ನೂ ಇದ್ದೀತು. ತಡ ಮಾಡೋ ಹಾಗಿಲ್ಲ.”

“ಕೇಳಿ, ಕೇಳಿ.”

“ಫಿರಂಗಿಯವರೇ, ನಸುಕಲ್ಲಿ ನೀವೆಲ್ಲಿದ್ರಿ?”

“ಹಾಸಿಗೆಯಲ್ಲಿ! ಇನ್ನೆಲ್ಲಿ?”

“ನಿಮ್ಮ ಸಾಕ್ಸಿನ ತುಂಬ ಹುಲ್ಲಿನ ಮುಳ್ಳು ಅಂಟಿಕೊಂಡಿದೆ. ನಾವು ವ್ಯಾನಿಂದ ಇಳಿದು ಹೆಜ್ಜೆ ಇಟ್ಟದ್ದು ಬರೀ ಕಲ್ಲಿನ ಮೇಲೆ. ರಾತ್ರಿ ಉಳಿದ ತಂಗುದಾಣದ ಹಾಸಿಗೆಯಲ್ಲಿ ಹುಲ್ಲು ಬೆಳೆದಿತ್ತಾ?”

ಫಿರಂಗಿ ಕಾಲನ್ನು ಹಿಂದಕ್ಕೆಳೆದುಕೊಂಡರು. ಕಿವಿ ಕೆಂಪಾಯಿತು.

“ಬಂದಿದ್ದೆ,” ಎಂದರು ಕೊನೆಗೆ. “ಹುಲ್ಲುಗಾವಲು ದಾಟಿ, ನಡಕೊಂಡೇ. ಒಬ್ಬೊಬ್ಬರೇ ಹೋಗಬಾರದು ಅಂತ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ರು, ಆದ್ರೂ... ಮೊದಲ ಬೆಳಕಲ್ಲಿ ಒಂದು ಫೋಟೊ ಅಂತ ಆಸೆ. ಮಬ್ಬಲ್ಲಿ ಗೂಡೇ ಸಿಗಲಿಲ್ಲ. ಎಲ್ಲಾದ್ರೂ ತುಳಿದುಬಿಟ್ರೆ ಅಂತ ಭಯವಾಗಿ ವಾಪಸ್ ಹೋದೆ.”

“ಅಯ್ಯೋ! ಕಥೆ ಕಟ್ಟೋದಕ್ಕೂ ಮಿತಿ ಬೇಡವಾ?” ಮೇಷ್ಟ್ರು ಹಣೆ ಚಚ್ಚಿಕೊಂಡರು. “ಇಬ್ಬರಲ್ಲಿ ಒಬ್ಬರು. ಪೊಲೀಸರಿಗೆ ಹೇಳೋಣ, ಅವರೇ ಬಾಯಿ ಬಿಡಿಸ್ತಾರೆ.”

“ಬಾಯಿ ಬಿಡಿಸೋಕೆ ನಮ್ಮ ಅಳಿಯಂದಿರೇ ಸಾಕು,” ಎಂದರು ಅತ್ತೆ. ಯಾರೂ ನಗಲಿಲ್ಲ. “ಅಳಿಯಂದ್ರೇ, ಬೆಳಿಗ್ಗೆ ಮೇಷ್ಟ್ರು ಗೂಡಿನ ಕಡೆ ಹೋಗ್ತಿದ್ದಾಗ ನೀವು ಏನು ನೋಡ್ತಿದ್ರಿ?”

“ಹಕ್ಕೀನ.”

“ಏನು ಮಾಡ್ತಿತ್ತು?”

“ರೆಕ್ಕೆ ಮುರಿದ ಹಾಗೆ ನಟಿಸ್ತಾ ಇತ್ತು. ಅಬ್ಬಾ, ಅತ್ತೆ, ಎಂಥ—”

“ಸರಿ. ಮೇಷ್ಟ್ರು ಕೂಗಿದ ಮೇಲೆ? ನಾವೆಲ್ಲ ಗೂಡಿನ ಸುತ್ತ ದಡಬಡ ತುಳಿದಾಡಿದಾಗ?”

ಅಳಿಯ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಆಗ ಮೇಲೆ ಹಾರ್ತಾ ಕೂಗ್ತಿತ್ತು.”

“ಒಂದು ಸಲವಾದ್ರೂ ಕುಂಟಿತಾ?”

“ಇಲ್ಲ.” ಹೇಳುತ್ತಿದ್ದಂತೆ ಅವನು ತಟ್ಟನೆ ಕಣ್ಣು ತೆರೆದ. “ಇಲ್ಲ ಅತ್ತೆ! ಒಂದು ಸಲವೂ ಇಲ್ಲ!”

ಅತ್ತೆ ಎದ್ದು ನಿಂತರು.

“ಮೊಟ್ಟೆ ಹೋದದ್ದು ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆಯೊಳಗೆ ಅಂತ ಮೇಷ್ಟ್ರು ಹೇಳಿದ್ರು. ನಾವೆಲ್ಲ ಒಪ್ಪಿಕೊಂಡೆವು. ನಸುಕಲ್ಲಿ ಯಾರು ಎಲ್ಲಿದ್ರು ಅಂತ ತಲೆ ಕೆಡಿಸಿಕೊಂಡೆವು. ಆದ್ರೆ ಖಾಲಿ ಗೂಡಿಗೋಸ್ಕರ ಯಾವ ತಾಯಿ ಹಾಗೆ ಬಿದ್ದು ಹೊರಳ್ತಾಳೆ? ಕಾಪಾಡೋಕೆ ಏನಾದ್ರೂ ಇದ್ರೆ ತಾನೇ ಕುಂಟೋದು? ಮೇಷ್ಟ್ರು ಹತ್ತಿರ ಹೋಗುವಾಗ ಅದು ಪ್ರಾಣ ಒತ್ತೆ ಇಟ್ಟು ನಾಟಕ ಆಡ್ತಿತ್ತು. ಅಂದ್ರೆ, ಆಗ ಮೊಟ್ಟೆ ಗೂಡಲ್ಲೇ ಇತ್ತು. ಮೇಷ್ಟ್ರು ಬಗ್ಗಿ ಎದ್ದ ಮೇಲೆ ನಾಟಕ ನಿಂತಿತು, ಗೋಳು ಶುರುವಾಯಿತು. ನಡುವೆ ಅಲ್ಲಿದ್ದದ್ದು ಒಬ್ಬರೇ.”

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

“ಇದೇನಮ್ಮಾ ಇದು!” ಮೇಷ್ಟ್ರು ನಗಲು ನೋಡಿದರು. “ನಾನು? ಜೀವಮಾನವಿಡೀ ಹಕ್ಕಿಗಳಿಗೇ— ಮೊದಲು ಕೂಗಿದವನೇ ನಾನು!”

“ಬೆಂಕಿ ಬಿತ್ತು ಅಂತ ಮೊದಲು ಕೂಗ್ತಿದ್ದವರನ್ನ ನಾನು ಬೇಕಾದಷ್ಟು ಕಂಡಿದ್ದೀನಿ ಮೇಷ್ಟ್ರೇ. ರಾತ್ರಿ ನಿಮ್ಮ ಕೋಣೆಯಲ್ಲಿ ಫಿರಂಗಿಯವರಿದ್ರು, ನಸುಕಲ್ಲಿ ಕೆರೆಯಲ್ಲೂ ಅವರೇ; ನೀವು ಕದ್ದು ಬರೋ ಹಾಗಿರಲಿಲ್ಲ. ನಮ್ಮೆಲ್ಲರ ಕಣ್ಣೆದುರೇ ತಗೊಂಡು ನೀವೇ ಕೂಗಿದ್ರೆ ಯಾರಿಗೆ ಅನುಮಾನ? ಎಲ್ಲರ ಚೀಲ ತಡಕಿಸಿದ್ರಿ. ನಿಮ್ಮ ಮೈ ತಡಕೋ ಧೈರ್ಯ ನಮಗ್ಯಾರಿಗೂ ಬರಲಿಲ್ಲ.” ಅತ್ತೆ ಕೈ ನೀಡಿ ಮೇಷ್ಟ್ರ ಸೊಂಟದ ಕಡೆ ತೋರಿಸಿದರು. “ಬೈನಾಕ್ಯುಲರ್ ನಿಮ್ಮ ಕೊರಳಲ್ಲಿ ನೇತಾಡ್ತಿದೆ. ಹಾಗಿದ್ರೆ ಅದರ ಚರ್ಮದ ಚೀಲ ಖಾಲಿ ಇರಬೇಕಲ್ಲ? ಅದರ ಗುಂಡಿ ಯಾಕೆ ಅಷ್ಟು ಬಿಗಿಯಾಗಿ ಹಾಕಿದೆ? ಬಿಚ್ಚಿ.”

ಮೇಷ್ಟ್ರ ಕೈ ಚೀಲವನ್ನು ಮುಚ್ಚಿಕೊಂಡಿತು. ಆಮೇಲೆ ಗುಂಡಿ ಬಿಚ್ಚಿದರು. ಹತ್ತಿಯ ಮೆತ್ತೆಯ ನಡುವೆ, ಚೂಪು ತುದಿ ಒಳಗಾಗಿ, ಮೂರು ಮೊಟ್ಟೆಗಳು.

ಫಿರಂಗಿ “ಥೂ” ಎಂದರು. ಡ್ರೈವರ್ ಮುಖ ತಿರುಗಿಸಿ ಅಂಗಿ ತೋಳಿನಲ್ಲಿ ಕಣ್ಣೊರೆಸಿಕೊಂಡ.

“ಮನೇಲಿ ಗಾಜಿನ ಕಪಾಟಿದೆ,” ಮೇಷ್ಟ್ರು ನೆಲಕ್ಕೆ ಹೇಳಿದರು. “ನಮ್ಮಪ್ಪನ ಕಾಲದಿಂದ ಕೂಡಿಟ್ಟ ಮೊಟ್ಟೆಗಳು. ಈ ಸೀಮೆಯ ಎಲ್ಲ ಹಕ್ಕಿಯದೂ ಇದೆ. ಇದೊಂದರ ಜಾಗ ಖಾಲಿ. ದಿನಾ ಆ ಖಾಲಿ ಜಾಗವನ್ನೇ ನೋಡ್ತಿದ್ದೆ. ಹಕ್ಕಿ ಮೇಲೆ ಪ್ರೀತಿ ಇಲ್ಲ ಅಂದ್ಕೋಬೇಡಿ...”

“ಪ್ರೀತಿ ಇದೆ. ಅದಕ್ಕೇ ನೀವು ಕಲಿಸಿದ್ದು ನಮಗೆ ತಲೇಲಿ ಉಳೀತು,” ಎಂದರು ಅತ್ತೆ. ದನಿ ಮೆತ್ತಗಾಗಲಿಲ್ಲ. “ಆದ್ರೆ ಈ ಡ್ರೈವರ್ ಮೇಲೆ ಕಳ್ಳತನ ಹೊರಿಸಿದ್ರಲ್ಲ, ಅದಕ್ಕೆ ಯಾವ ಪ್ರೀತಿಯೂ ಅಡ್ಡ ಬರಲಿಲ್ಲವಾ? ಅರಣ್ಯ ಇಲಾಖೆಗೆ ಫೋನ್ ಮಾಡೇ ಮಾಡ್ತೀನಿ. ಆ ಕಪಾಟೂ ಅವರಿಗೇ ಸೇರಬೇಕು. ಅದಕ್ಕೆ ಮೊದಲು ಒಂದು ಕೆಲಸ. ಅವು ಗೂಡಲ್ಲಿ ಹೇಗಿದ್ದವು ಅಂತ ಸರಿಯಾಗಿ ಗೊತ್ತಿರೋದು ನಿಮಗೊಬ್ಬರಿಗೇ. ಹೇಗಿದ್ದವೋ ಹಾಗೇ ಇಟ್ಟು ಬನ್ನಿ. ನಾನೂ ಜೊತೆಗೆ ಬರ್ತೀನಿ.”

ಅವರಿಬ್ಬರೂ ಮತ್ತೆ ಕೆರೆಯಂಗಳಕ್ಕೆ ಇಳಿದರು. ಅಳಿಯ ಅತ್ತೆಯ ಬೈನಾಕ್ಯುಲರಿನಲ್ಲಿ ನೋಡಿದ. ಮೇಷ್ಟ್ರು ಮಂಡಿಯೂರಿ ಒಂದೊಂದೇ ಮೊಟ್ಟೆ ಇಟ್ಟರು. ತಗ್ಗಿನ ಹತ್ತಿರ ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ಕಳ್ಳನ ಕೈಯೆಂದು ಗೊತ್ತಿದ್ದೂ ಅದರ ನಾಜೂಕನ್ನು ಮೆಚ್ಚದಿರಲು ಹಲ್ಲಿನ ಡಾಕ್ಟರಿಗೆ ಆಗಲಿಲ್ಲ.

ವಾಪಸ್ ಬಂದ ಮೇಲೆ ವ್ಯಾನನ್ನು ದೂರಕ್ಕೆ ಒಯ್ದು ನಿಲ್ಲಿಸಿದರು. ಎಲ್ಲರೂ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಸೆಕೆ. ಕೆಮ್ಮು ಬಂದರೂ ನುಂಗಿಕೊಂಡರು. ಫಿರಂಗಿ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಅಳಿಯ ಅತ್ತೆಯ ಕಡೆ ಬಗ್ಗಿ ಪಿಸುಗುಟ್ಟಿದ: “ಅದೇ ಆಟ ನಾನೂ ನೋಡಿದ್ದೆ ಅತ್ತೆ. ಕಣ್ಣು ಮಿಟುಕಿಸದೆ ನೋಡಿದ್ದೆ. ಆದರೂ...”

“ನೀವು ಬೆರಗಾಗಿ ನೋಡಿದ್ರಿ,” ಎಂದರು ಅತ್ತೆ. “ಅದೂ ಬೇಕು. ನೀವು ಅಷ್ಟು ಬಾಯಿ ತೆರೆದು ನಿಂತಿರದಿದ್ರೆ ನಾನೂ ಆ ಕಡೆ ತಿರುಗಿ ನೋಡ್ತಿರಲಿಲ್ಲ.”

ಅತ್ತೆಯಿಂದ ಅಳಿಯನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಎಲ್ಲಿ ನೋಡಬೇಕೋ ತಿಳಿಯದೆ ಅವನು ಕನ್ನಡಕ ಒರೆಸಿಕೊಂಡ.

ಮೇಷ್ಟ್ರು ಹಿಂದಿನ ಸೀಟಿನ ಮೂಲೆಯಲ್ಲಿದ್ದರು. ಬೈನಾಕ್ಯುಲರನ್ನು ಅವರೇ ಕೊರಳಿಂದ ತೆಗೆದು ಮುಂದಕ್ಕೆ ದಾಟಿಸಿದ್ದರು. ಅದೀಗ ಡ್ರೈವರನ ಕೈಯಲ್ಲಿತ್ತು.

ಹಕ್ಕಿ ದೂರದಲ್ಲಿ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು. ಇನ್ನಷ್ಟು ಓಡಿತು. ಹಿಂದೆ ಹೋಯಿತು. ಹಿಂದಿನ ಸೀಟಿಗೆ ಬರೀ ಬಿಸಿಲು, ಕಲ್ಲು. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ.

“ಕೂತಿತಾ?” ಮೇಷ್ಟ್ರು ಕೇಳಿದರು. ಅವರ ದನಿ ಅವರಿಗೇ ಕೇಳಿಸಿತೋ ಇಲ್ಲವೋ.

ಡ್ರೈವರ್ ಕಣ್ಣಿಂದ ಬೈನಾಕ್ಯುಲರ್ ಇಳಿಸಲಿಲ್ಲ. ಹಿಂದಕ್ಕೆ ತಿರುಗಲೂ ಇಲ್ಲ. ಬಹಳ ಹೊತ್ತಾದ ಮೇಲೆ ಅವನು ಹೇಳಿದ:

“ಗರಿ ಕೆದರಿಕೊಂಡು... ಈಗ ಮೆಲ್ಲಗೆ ಕೂತಿತು, ಮೇಷ್ಟ್ರೇ.”