ಕೈಬಿಟ್ಟ ನಾನೂರನೆಯ ಹಾಳೆ

ಲೆಕ್ಕದ ಮಷೀನಿನ ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿ, ಮನಸ್ಸು ಬದಲಾಯಿಸಿ ಹಿಂದಕ್ಕೆಳೆಯುವ ಗಂಡಸನ್ನು ನಾನು ಅಂದೇ ನಂಬಬಾರದಿತ್ತು.

"ಬಿಡ್ರಿ, ಬಿಡ್ರಿ! ಹಿಂಗ ಎಳದ್ರ ಸಿಕ್ಕೋತದ. ಏನ ಬಾವಿ ಗಾಲಿ ಅಂತ ತಿಳದೀರೇನು?" ಎಂದು ಬಾಗಿಲಿನಿಂದಲೇ ಕೂಗಿದೆ.

ಆತ ಗಾಬರಿಯಿಂದ ಎದ್ದು ನಿಂತ. ಎತ್ತರದ ಆಳು, ಅಂಗಿಯ ತೋಳಿನ ಮೇಲೆ ಶಾಯಿಯ ಕಲೆ. "ತಪ್ಪಾತ್ರಿ. ನಾ ನೀಲಪ್ಪ, ಉಪ್ಪಿನಬೆಟಗೇರಿಯಾಂವ. ಪಿಎಚ್‌ಡಿ ಮಾಡಾಕತ್ತೇನಿ. ಅಂಕಿಸಂಖ್ಯೆ ಕಲೀಲಾಕ ನಮ್ಮ ಸರ್ ಇಲ್ಲಿಗೆ ಕಳಿಸ್ಯಾರ."

"ಯಾರು ಕಲಸ್ತಾರಂತ?"

"ಯಾರೋ ಕಂಪ್ಯೂಟರ್ ಅದಾರಂತ್ರಿ."

"ನಾನ ಕಂಪ್ಯೂಟರ್. ಕೂಡ್ರಿ."

೧೯೬೫ರ ನವೆಂಬರಿನ ಮಾತು. ಆಗ ನಮ್ಮಲ್ಲಿ ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ನೌಕರಿಯ ಹೆಸರು. ಧಾರವಾಡದ ಸಪ್ತಾಪುರದ ಬಾಡಿಗೆ ಬಂಗಲೆಯ ಮಾಳಿಗೆಯಲ್ಲಿದ್ದ ಸಂಶೋಧನಾ ಕಚೇರಿಯಲ್ಲಿ ಆ ನೌಕರಿ ನನ್ನದು. ಸಿತಾರಾ, ಬಿ.ಎಸ್ಸಿ., ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುವವಳು. ಅಬ್ಬಾ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಅದನ್ನು ನೋಡಿ ಬೆಳೆದವಳು ನಾನು. ಜಡೆಯ ಪಿನ್ನು ತೆಗೆದು ಮಷೀನಿನ ಸಿಕ್ಕಿಕೊಂಡ ಹಲ್ಲು ಬಿಡಿಸಿದೆ. ಕೂದಲು ಮುಖದ ಮೇಲೆ ಬಿತ್ತು. ಮಷೀನು ನೋಡಬೇಕಾದವನು ಬೇರೆಲ್ಲೋ ನೋಡುತ್ತಿದ್ದ. ನನಗೆ ಗೊತ್ತಾಯಿತು. ಗೊತ್ತಾಗದವಳಂತೆ ಇದ್ದೆ.

"ಭಾಗಾಕಾರ ಅಂದ್ರ ಕಳಕೋತ ಹೋಗೂದು. ಹೆಚ್ಚಿಗಿ ಕಳದ್ರ ಗಂಟಿ ಬಾರಸ್ತದ. ಆವಾಗ ಒಂದು ಸುತ್ತು ವಾಪಸ್."

"ಮಷೀನಿಗೆ ನಾಚಿಕಿ ಐತಿ ಅನ್ರಿ."

"ಮನಷ್ಯಾರಕಿಂತ ಹೆಚ್ಚು."

ಅಂದಿನಿಂದ ಆ ಗಂಟೆ ನಮ್ಮಿಬ್ಬರ ಆಟವಾಯಿತು. "ನಿಮ್ಮ ಕಣ್ಣಾಗ..." ಎಂದು ಆತ ಶುರು ಮಾಡಿದರೆ ನಾನು ಪೆನ್ಸಿಲ್ಲಿನಿಂದ ಚಹಾದ ಲೋಟಕ್ಕೆ ಟಿಣ್ ಎನಿಸುತ್ತಿದ್ದೆ. "ಹೆಚ್ಚಾತ್ರಿ. ಒಂದು ಸುತ್ತು ವಾಪಸ್." ಆತ ನಕ್ಕು, ಪೇರಲಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ ನನ್ನ ಕಡೆ ಸರಿಸುತ್ತಿದ್ದ. ದೊಡ್ಡ ಹೋಳು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು.

ಎರಡು ಸಂಗತಿಗಳಿಗೆ ಒಳಗೊಳಗೇ ಸಂಬಂಧವಿದೆಯೋ, ಬರೀ ಕಾಕತಾಳೀಯವೋ ಎಂದು ತೂಗಿ ನೋಡುವ ಲೆಕ್ಕಕ್ಕೆ ಕೈ-ಸ್ಕ್ವೇರ್ ಎನ್ನುತ್ತಾರೆ. ಅದನ್ನು ಕಲಿಸಿದ ಸಂಜೆ ಹುಬ್ಬಳ್ಳಿ ಬಸ್ಸಿನಲ್ಲಿ ನೀಲಪ್ಪ ನನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದ.

"ಇಬ್ಬರೂ ಒಂದ ಬಸ್ಸಿನ್ಯಾಗ. ಇದು ಕಾಕತಾಳೀಯ ಏನ್ರಿ?"

"ನಿಮ್ಮ ರೂಮು ಧಾರವಾಡದಾಗ. ಹುಬ್ಬಳ್ಳ್ಯಾಗ ನಿಮಗೇನ ಕೆಲಸ?"

"ಹಂಗಾರ ಸಂಬಂಧ ಐತಿ ಅನ್ರಿ."

ಕಿಟಕಿಯ ಕಡೆ ಮುಖ ತಿರುಗಿಸಿದೆ. ನಗು ತಡೆಯಲಾಗಲಿಲ್ಲ. ಆ ವಯಸ್ಸಿಗೆ ಅಷ್ಟು ಸಾಕಿತ್ತು.

ಓದಿದವರು ಬೇರೆ ಜಾತಿ, ಬೇರೆ ಧರ್ಮದ ಮದುವೆಗೆ ಹೆಚ್ಚು ಒಪ್ಪುತ್ತಾರೆಯೇ ಎನ್ನುವುದು ಆತನ ಸಂಶೋಧನೆಯ ವಿಷಯ. ಮದುವೆಯಾಗದ ನಾನೂರು ಹುಡುಗ ಹುಡುಗಿಯರು, ಒಬ್ಬರಿಗೆ ಪ್ರಶ್ನೆಗಳ ಒಂದು ಹಾಳೆ. ಹೆಸರು ಬೇಡ, ವಯಸ್ಸು, ಓದು, ಮನೆಯ ಸ್ಥಿತಿ, ತಾರೀಖು ಸಾಕು. ಆತ ಹಳ್ಳಿಗೆ ಹೊರಟಾಗ ಒಂದೇ ಮಾತು ಹೇಳಿ ಕಳಿಸಿದೆ. "ನಮಗ ಬೇಕಾದ್ದಲ್ಲ, ಇದ್ದದ್ದ ಬರೀಬೇಕ್ರಿ." ಮಾರ್ಚಿ ಮುಗಿಯುವಷ್ಟರಲ್ಲಿ ನಾನೂರೂ ತುಂಬಿಸಿ ತಂದ.

ಏಪ್ರಿಲ್‌ನಲ್ಲಿ ಒಂದು ಸಂಜೆ ಇಬ್ಬರೂ ದಾರಿಯಲ್ಲಿ ಉಣಕಲ್ಲಿನಲ್ಲಿ ಬಸ್ಸು ಇಳಿದೆವು. ಕೆರೆಯ ದಂಡೆಯ ಮೇಲೆ ಆತ ಮೊದಲ ಸಲ ನನ್ನನ್ನು 'ನೀ' ಎಂದ.

"ಪ್ರಬಂಧ ಮುಗೀಲಿ ಸಿತಾರಾ. ಅಪ್ಪಗ ನಾನ ಹೇಳತೇನಿ. ಒಪ್ಪಲಿಲ್ಲಂದ್ರೂ ನಾ ನಿನ್ನ ಬಿಡಾಂವಲ್ಲ. ಅಲ್ಲೀತನಕ ಕಾಯ್ತೀ?"

ಟಿಣ್ ಎನಿಸಲು ಕೈಯಲ್ಲಿ ಲೋಟವಿರಲಿಲ್ಲ. ಇದ್ದರೂ ಎನಿಸುತ್ತಿರಲಿಲ್ಲ. "ಕಾಯ್ತೇನಿ" ಎಂದೆ.

ಮೇ ತಿಂಗಳಲ್ಲಿ ಗದಗಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲ್ ಮಾಸ್ತರ, ಒಳ್ಳೆಯ ಮನೆತನ. ಅಮ್ಮಾ ಕರೀಮಾಬಿ ಆಗಲೇ ಸೀರೆ ಆರಿಸುತ್ತಿದ್ದಳು. ನಾನು ಅಬ್ಬಾನ ಎದುರು ಕುಳಿತು ಎಲ್ಲ ಹೇಳಿಬಿಟ್ಟೆ. ಅವರು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವರು ನಿಲ್ಲಿಸಲಿಲ್ಲ. ನಮ್ಮ ಮನೆಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಅವನ ಮಾತು ಗಟ್ಟಿಯೇ? ಗಟ್ಟಿ ಎಂದೆ. ಮರುದಿನ ಅವರೇ ಗದಗಿಗೆ ಹೋಗಿ, ಕೈಮುಗಿದು, ಬೇಡವೆಂದು ಹೇಳಿ ಬಂದರು. ಬಂದವರು ಊಟ ಮಾಡಲಿಲ್ಲ.

ಜೂನ್‌ನಲ್ಲಿ ಎಣಿಕೆ. ನಮ್ಮ ಕಚೇರಿಯಲ್ಲಿ ಒಂದು ಕಟ್ಟನ್ನು ಇಬ್ಬರು ಬೇರೆ ಬೇರೆ ಎಣಿಸಬೇಕು. ಎರಡೂ ತಾಳೆಯಾದರೆ ಮಾತ್ರ ಇಬ್ಬರ ಸಹಿ. ಮುಖ್ಯ ಪ್ರಶ್ನೆಗೆ ನನ್ನ ಎಣಿಕೆಯಲ್ಲಿ 'ಇಲ್ಲ' ಮುನ್ನೂರ ಹನ್ನೊಂದು, 'ಹೌದು' ಎಂಬತ್ತೊಂಬತ್ತು. ನೀಲಪ್ಪನದು ಮುನ್ನೂರ ಹತ್ತು, ತೊಂಬತ್ತು. ಒಂದರ ಫರಕು.

"ಇರಲಿ ಬಿಡು, ಒಂದ ಅಲ್ಲೇನು" ಎಂದ.

"ಒಂದಂದ್ರೂ ತಪ್ಪು ತಪ್ಪ" ಎಂದು ನಾನೇ ಹಟ ಹಿಡಿದೆ.

ಎದುರುಬದುರು ಕುಳಿತೆವು. ನಾನು ಹಾಳೆ ನೋಡಿ ಓದುವುದು, ಆತ ತನ್ನ ಪಟ್ಟಿಯಲ್ಲಿ ನೋಡಿ ಹೂಂಗುಡುವುದು. ಮಧ್ಯಾಹ್ನ ದಾಟಿತು. ಕೊನೆಯ ಹಾಳೆ.

"ನಾನೂರನೇದು. ಇಲ್ಲ."

ಹೂಂ ಬರಲಿಲ್ಲ. ತಲೆ ಎತ್ತಿದೆ. "ನನ್ನ ಪಟ್ಟ್ಯಾಗ... ಹೌದು ಅಂತೈತಿ" ಎಂದ. ಕಣ್ಣು ನನ್ನ ಕಡೆ ಇರಲಿಲ್ಲ.

ಎಣಿಸುವಾಗ ಉತ್ತರವನ್ನಷ್ಟೇ ನೋಡಿದ್ದೆ. ಈಗ ಇಡೀ ಹಾಳೆ ಓದಿದೆ. ಗಂಡಸು, ಇಪ್ಪತ್ತೇಳು ವರ್ಷ. ಎಂ.ಎ. ಉಪ್ಪಿನಬೆಟಗೇರಿ. ಮದುವೆಯಾಗದ ತಂಗಿಯರು ಇಬ್ಬರು. ಹಿರಿಯರು ಒಪ್ಪದಿದ್ದರೂ ಬೇರೆ ಜಾತಿ ಅಥವಾ ಧರ್ಮದವರನ್ನು ಮದುವೆಯಾಗುವಿರಾ? ಇಲ್ಲ. ತಾರೀಖು ಮಾರ್ಚಿ ಹನ್ನೆರಡು.

"ಇದು ಯಾರು?" ಎಂದೆ, ಗೊತ್ತಿದ್ದೂ.

"ಒಂದು ಹಾಳಿ ಕಡಿಮಿ ಬಿದ್ದಿತ್ತು. ಕಡೀ ಮನಿಯವರು ಬಾಗಿಲಾ ಹಾಕ್ಕೊಂಡ್ರು. ನಾನೂ ಮದುವಿ ಆಗದಾಂವ ಅಲ್ಲೇನು ಅಂತ... ನಂದ ತುಂಬಿದೆ."

"ಮಾರ್ಚ್ಯಾಗ ಇಲ್ಲ. ಏಪ್ರಿಲ್‌ದಾಗ ಕೆರಿ ದಂಡಿ ಮ್ಯಾಲೆ ಏನಂದ್ರಿ?"

"ಹಾಳಿ ಮ್ಯಾಲೆ ಇದ್ದದ್ದ ಬರೀಬೇಕು ಅಂತ ನೀನ ಹೇಳಿದ್ಯಲ್ಲ."

"ಹಾಳಿಗೆ ಖರೇ ಹೇಳಿ ನನಗ ಸುಳ್ಳ ಹೇಳಿದ್ರಿ."

"ಸುಳ್ಳಲ್ಲ ಸಿತಾರಾ. ಎಣಿಸೂ ಮುಂದ ಇಲ್ಲ ಅಂತ ಗೀಟು ಹಾಕಾಕ ಕೈ ಬರಲಿಲ್ಲ. ತಿದ್ದಿಬಿಡು. ಒಂದರಿಂದ ಕೈ-ಸ್ಕ್ವೇರ್ ಏನೂ ಬದಲಾಗೂದಿಲ್ಲ."

ಬದಲಾಗುವುದಿಲ್ಲ, ನಿಜ. ಅದನ್ನೂ ನಾನೇ ಕಲಿಸಿದ್ದು. ಗದಗಿನಲ್ಲಿ ಅಬ್ಬಾ ಮುಗಿದ ಕೈ ಕಣ್ಣ ಮುಂದೆ ಬಂತು. ಒಂದು ಖಾಲಿ ಹಾಳೆ ತೆಗೆದು ಅಂದಿನ ತಾರೀಖು ಬರೆದೆ. ಅಪರಿಚಿತರನ್ನು ಕೇಳುವ ದನಿಯಲ್ಲೇ ಕೇಳಿದೆ.

"ಹಿರಿಯರು ಒಪ್ಪದಿದ್ದರೂ ಬೇರೆ ಜಾತಿ ಅಥವಾ ಧರ್ಮದವರನ್ನು ಮದುವೆಯಾಗುವಿರಾ?"

"ತಂಗೇರ ಮದುವಿ ಒಂದು ಆಗಲಿ..."

"ಹೌದೋ, ಇಲ್ಲೋ?"

ಆತನ ಕೈ ತಾನಾಗಿ ಮಷೀನಿನ ಹಿಡಿಕೆಗೆ ಹೋಯಿತು. ಅರ್ಧ ಸುತ್ತು ತಿರುಗಿಸಿದ, ಹಿಂದಕ್ಕೆಳೆದ. ಕಟಕ್ಕೆಂದು ಸಿಕ್ಕಿಕೊಂಡಿತು. ಏಳು ತಿಂಗಳು ನನ್ನ ಹತ್ತಿರ ಕಲಿತವನು! ನನ್ನತ್ತ ನೋಡಿದ. ಈ ಸಲ ನಾನು ಜಡೆಯ ಪಿನ್ನು ತೆಗೆಯಲಿಲ್ಲ.

"ಪ್ರಶ್ನೆ ಕೇಳಾಂವ ತನ್ನ ಹಾಳಿ ತಾನ ತುಂಬೂಹಂಗಿಲ್ಲ. ಅದು ಕಾಯ್ದೆ" ಎಂದು ನಾನೂರನೆಯ ಹಾಳೆಯ ಮೇಲೆ ಕೆಂಪು ಗೀಟು ಎಳೆದೆ. ಇಲ್ಲ ಮುನ್ನೂರ ಹತ್ತು, ಹೌದು ಎಂಬತ್ತೊಂಬತ್ತು. ತಾಳೆಯಾಯಿತು. ಇಬ್ಬರೂ ಸಹಿ ಮಾಡಿದೆವು.

ಎರಡು ವರ್ಷದ ಮೇಲೆ ಪ್ರಬಂಧದ ಒಂದು ಪ್ರತಿ ಕಚೇರಿಗೆ ಬಂತು. ಅಷ್ಟೊತ್ತಿಗೆ ಗದಗಿನ ಮಾಸ್ತರನಿಗೆ ಒಂದು ಮಗುವಾಗಿತ್ತು. ಡಾಕ್ಟರ್ ನೀಲಪ್ಪನ ಮದುವೆಯೂ ಅವರ ಜಾತಿಯಲ್ಲೇ ಆಗಿತ್ತು. ನಾನು ನೇರವಾಗಿ ಆ ಕೋಷ್ಟಕದ ಪುಟ ತೆಗೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಒಂದು ಹಾಳೆ ದೋಷವುಳ್ಳದ್ದಾದ್ದರಿಂದ ಕೈಬಿಡಲಾಗಿದೆ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಉಳಿದ ಮುನ್ನೂರ ತೊಂಬತ್ತೊಂಬತ್ತು ಜನ ಯಾರ ಮುಂದೆ ಏನು ಹೇಳಿದರೋ ನಾನು ಕಾಣೆ. ಇಡೀ ಕಟ್ಟಿನಲ್ಲಿ ಖರೇ ಎಂದು ನಾನು ಆಣೆ ಮಾಡಿ ಹೇಳಬಲ್ಲ ಹಾಳೆ ಅದೊಂದೇ ಇತ್ತು.