ಕೊನೆಯಲ್ಲಿ ನಡೆದವಳು

ಬೆಟ್ಟದೊಳಗೆ ಮಾಯವಾಗುವ ಹೊಳೆ ಎತ್ತ ಹರಿಯುತ್ತದೆ? ಬೇಸಿಗೆಗೆ ಮೊದಲು ಪಟ್ಟಣದ ನೀರಿನ ಕಚೇರಿಗೆ ಉತ್ತರ ಬೇಕಿತ್ತು. ಮೂವರು ಹೊರಟರು. ಮುಂದೆ ವುಕಾಶಿನ್, ನಡುವೆ ಹಗ್ಗ ಹೊತ್ತ ರಾಡೊಯೆ, ಕೊನೆಯಲ್ಲಿ ಅಳತೆ ಪುಸ್ತಕ ಹಿಡಿದ ಯಾಗೊಡಾ.

ಏಳು ವರ್ಷದಿಂದ ಅದೇ ಸಾಲು. ಒಮ್ಮೆಯಾದರೂ ಮುಂದೆ ನಿಂತು ತಂಡವನ್ನು ಗುಹೆಯಿಂದ ಹೊರತಂದವರಿಗಷ್ಟೇ ಕಚೇರಿಯು ನಾಯಕರ ಪರವಾನಗಿ ಕೊಡುತ್ತಿತ್ತು.

"ಈ ಸಲ ನಾನು ಮುಂದೆ ಹೋಗ್ತೀನಿ," ಗುಹೆಯ ಬಾಯಲ್ಲಿ ಯಾಗೊಡಾ ಹೇಳಿದಳು.

"ನಿನ್ನ ಅಕ್ಷರ ಚೆಂದ ಕಣೇ," ಎಂದ ವುಕಾಶಿನ್. "ನಾನು ಬರೆದ್ರೆ ಆಡು ಮೇದ ಹಾಗಿರುತ್ತೆ."

"ಆಡು ನಿನಗಿಂತ ನೆಟ್ಟಗೆ ಮೇಯುತ್ತೆ ಬಿಡು," ಎಂದ ರಾಡೊಯೆ.

ಇಬ್ಬರೂ ನಕ್ಕರು. ಯಾಗೊಡಾ ಪೆನ್ಸಿಲ್ ಚೂಪು ಮಾಡಿದಳು.

ಒಳಗೆ ಸುಣ್ಣಕಲ್ಲಿನ ಗೋಡೆಗಳು ಒದ್ದೆಯಾಗಿ, ನುಣ್ಣಗೆ, ಯಾರೋ ಈಗಷ್ಟೇ ಒರೆಸಿ ಹೋದಂತೆ ಹೊಳೆಯುತ್ತಿದ್ದವು. ದಾರಿ ಕಿರಿದಾಯಿತು, ಹಿಗ್ಗಿತು, ಮತ್ತೆ ಕಿರಿದಾಯಿತು. ಐದು ಗಂಟೆ ನಡೆದ ಮೇಲೆ, ಕಪ್ಪು ಕಂದರದ ತಳದಲ್ಲಿ, ಹೊಳೆ ಸಿಕ್ಕಿತು. ದಿಕ್ಸೂಚಿ ನೋಡಿದರು: ಪಟ್ಟಣದ ಕಡೆಗೇ ಹರಿಯುತ್ತಿತ್ತು. ರೊಟ್ಟಿ, ಕುರಿಹಾಲಿನ ಚೀಸ್ ತಿಂದು ಮರಳಿ ಹೊರಟರು.

ಹನಿಗಳು ಜೋರಾದವು.

"ಮೇಲೆ ಮಳೆ," ಎಂದ ರಾಡೊಯೆ.

ಎದುರಿಗೆ ನಾಲ್ಕು ಬಾಯಿಗಳು. ವುಕಾಶಿನ್ ಒಂದರೊಳಗೆ ನುಗ್ಗಿದ, ವಾಪಸಾದ. ಎರಡನೆಯದೂ ಮುಚ್ಚಿತ್ತು. ನೀರು ಪಾದ ಮುಳುಗಿಸಿತು.

"ಬರುವಾಗ ಒಂದೇ ದಾರಿ ಇತ್ತಲ್ಲ..." ಎಂದ ವುಕಾಶಿನ್.

ಮುಂದೆ ನಡೆದವನು ಹಿಂತಿರುಗಿ ನೋಡಿರಲಿಲ್ಲ. ಯಾಗೊಡಾ ಪ್ರತಿ ತಿರುವಿನಲ್ಲೂ ನಿಂತು, ಹಿಂದಕ್ಕೆ ಹೊರಳಿ, ಮರಳುವಾಗ ಕಾಣುವಂತೆ ದಾರಿಯ ಚಿತ್ರ ಬರೆದುಕೊಂಡಿದ್ದಳು. ಈ ತಿರುವಿನ ಚಿತ್ರದಲ್ಲಿ ಮುರಿದ ಹಲ್ಲಿನಂಥ ಒಂದು ಕಲ್ಲಿತ್ತು. ದೀಪ ಎತ್ತಿದಳು. ಒಂದು ಬಾಯಿಯ ಅಂಚಿನಲ್ಲಿ ಆ ಕಲ್ಲು ಕಂಡಿತು.

"ಯಾವುದು ಅಂತ ಹೇಳು. ನಾನು ಮುಂದೆ ಹೋಗ್ತೀನಿ," ಎಂದ ವುಕಾಶಿನ್.

ಅವಳು ಪುಸ್ತಕವನ್ನು ಎದೆಯ ಜೇಬಿಗೆ ಸೇರಿಸಿದಳು. "ಹೇಳಲ್ಲ. ನನ್ನ ಹಿಂದೆ ಬನ್ನಿ."

ನೀರು ಮೊಣಕಾಲಿಗೆ ಬಂತು. ವುಕಾಶಿನ್ ಪಕ್ಕಕ್ಕೆ ಸರಿದ.

ತೆವಳಿದರು. ಹತ್ತಿದರು. ಪ್ರತಿ ಕವಲಿನಲ್ಲೂ ಅವಳು ಪುಸ್ತಕ ತೆರೆದಳು, ಮುಚ್ಚಿದಳು, ನಡೆದಳು. ಬೆನ್ನ ಹಿಂದೆ ನೀರಿನ ಸದ್ದು ನಿಧಾನವಾಗಿ ಕೆಳಗುಳಿಯಿತು.

ಹೊರಗೆ ಮಳೆ ನಿಂತಿತ್ತು. ಸಂಜೆಬಿಸಿಲಿಗೆ ಪೈನ್ ಮರಗಳು ಹಬೆಯಾಡುತ್ತಿದ್ದವು. ಅಂದಿನ ಹಾಳೆಯಲ್ಲಿ ಒಂದು ಸಾಲು ಖಾಲಿಯಿತ್ತು: ತಂಡವನ್ನು ಹೊರತಂದವರು.

ಯಾಗೊಡಾ ಪುಸ್ತಕವನ್ನು ವುಕಾಶಿನ್‌ನತ್ತ ಚಾಚಿದಳು. "ನೀನು ಬರಿ."

"ನನ್ನ ಅಕ್ಷರ ಯಾರು ಓದ್ತಾರೆ?"

"ಬರೀ ಒಂದು ಹೆಸರು ತಾನೆ. ನಿಧಾನಕ್ಕೆ ಬರಿ, ಕಾಯ್ತೀನಿ."

ಅವನು ಕಲ್ಲಿನ ಮೇಲೆ ಕೂತು, ತುಟಿ ಕಚ್ಚಿಕೊಂಡು, ಅವಳ ಹೆಸರು ಬರೆದ. ರಾಡೊಯೆ ಬಗ್ಗಿ ನೋಡಿದ.

"ಆಡು ಇವತ್ತು ಪರವಾಗಿಲ್ಲ."

ಯಾಗೊಡಾ ಮೊದಲು ಇಳಿಜಾರಿಗೆ ಕಾಲಿಟ್ಟಳು. ಪುಸ್ತಕ ಇನ್ನೂ ವುಕಾಶಿನ್ ಕೈಯಲ್ಲೇ ಇತ್ತು.